ಭಾನುವಾರದ ಭಕ್ತಿ, ತಿಂಗಳ ಬಾಡಿಗೆ

ಈ ತಿಂಗಳು ನಿಮ್ಮನ್ನು ಒಂದು ಇಕ್ಕಟ್ಟಾದ ಸ್ಥಳಕ್ಕೆ ಕರೆದೊಯ್ಯಬೇಕಾಗಿದೆ. ಅದಕ್ಕಾಗಿ ದೂರ ಪ್ರಯಾಣ ಮಾಡಬೇಕಾಗಿಲ್ಲ. ತೋರಣಗಲ್ಲಿನ ನಮ್ಮ ಮನೆಗಳ ಹಿತ್ತಲ ಬಾಗಿಲು ತೆರೆದರೆ ಸಾಕು.

ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಬದಿಯ ಈ ಊರಿನ ಹಣೆಬರಹ 1990ರ ದಶಕದಲ್ಲಿ ಬದಲಾಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಉಕ್ಕು ಸಂಸ್ಥೆ ಸ್ಥಾಪನೆಯಾದ ಮೇಲೆ ಬಿಹಾರ, ಜಾರ್ಖಂಡ, ಒಡಿಶಾಗಳಿಂದ ದುಡಿಯುವ ಕೈಗಳು ಬಂದವು. ಬಂದವರಿಗೆ ತಲೆಯ ಮೇಲೊಂದು ಸೂರು ಬೇಕಾಯಿತು. ನಮಗೆ ಆದಾಯ ಬೇಕಾಗಿತ್ತು. ಹೀಗೆ ಹಿತ್ತಲಲ್ಲಿ ತಗಡಿನ ಖೋಲಿಗಳು ಎದ್ದವು. ಒಂದೇ ಕಿಟಕಿ, ಹತ್ತು ಜನರಿಗೆ ಒಂದು ಬಚ್ಚಲು. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಬೇಕಾದರೆ ಹಗಲು ಪಾಳಿಯವನು ಎದ್ದು ಚಾಪೆ ಬಿಡಬೇಕು. ಬಾಡಿಗೆ ಮಾತ್ರ ಖೋಲಿಗಿಷ್ಟು ಎಂದಲ್ಲ, ತಲೆಗಿಷ್ಟು. ಮಾರ್ಚ್ ಕಳೆದ ಮೇಲೆ ಬಳ್ಳಾರಿ ಸೀಮೆಯ ಬಿಸಿಲು ತಗಡಿನ ಕೆಳಗೆ ಹೇಗಿರುತ್ತದೆಂದು ತಿಳಿಯಲು, ಮಾಲೀಕರಾದ ನಾವು ಒಂದು ಮಧ್ಯಾಹ್ನ ಅಲ್ಲಿ ಮಲಗಿ ನೋಡಿದ್ದೇವೆಯೇ?

ಇಂತಹ ಖೋಲಿಗಳನ್ನು ಕಟ್ಟಿಸಿದವರಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. ಜಪಸರವನ್ನು ತಪ್ಪಿಸದವರು ಇದ್ದಾರೆ, ತಪಸ್ಸುಕಾಲದಲ್ಲಿ ಮಾಂಸ ಮುಟ್ಟದವರು ಇದ್ದಾರೆ. ಅವರ ಭಕ್ತಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಆ ಭಕ್ತಿ ಹಿತ್ತಲ ಬಾಗಿಲಿನವರೆಗೆ ಬಂದು ನಿಂತುಬಿಡುವುದೇಕೆ?

"ಇದು ವ್ಯವಹಾರ, ದೇವರನ್ನು ಇದರಲ್ಲಿ ಎಳೆಯಬೇಡಿ" ಎಂಬುದು ನಾನು ಮೇಲಿಂದ ಮೇಲೆ ಕೇಳುವ ಉತ್ತರ. ಹಾಗೆ ಹೇಳುವವರು ದಯವಿಟ್ಟು ಯಾಜಕಕಾಂಡದ 19ನೆಯ ಅಧ್ಯಾಯವನ್ನು ಒಮ್ಮೆ ಪೂರ್ತಿಯಾಗಿ ಓದಲಿ. ಜನರು ಪವಿತ್ರರಾಗಿರಬೇಕೆಂಬ ಆಜ್ಞೆಯಿಂದ ಅದು ಆರಂಭವಾಗುತ್ತದೆ. ಆದರೆ ಆ ಪವಿತ್ರತೆಯ ವಿವರ ಬಹುಪಾಲು ದೇವಾಲಯದ ಹೊರಗಿನದೇ: ಹೊಲದ ಅಂಚಿನ ತೆನೆಯನ್ನು ಬಡವನಿಗೆ ಬಿಡುವುದು, ಕೂಲಿಯಾಳಿನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳದಿರುವುದು, ನಾಡಿನಲ್ಲಿ ನೆಲೆಸಿದ ಪರಕೀಯನನ್ನು ಸ್ವದೇಶದವನಂತೆ ಪ್ರೀತಿಸುವುದು, ತಕ್ಕಡಿಯಲ್ಲಿ ಮೋಸ ಮಾಡದಿರುವುದು. ದೇವರನ್ನು ನಾನು ವ್ಯವಹಾರದೊಳಕ್ಕೆ ಎಳೆಯುತ್ತಿಲ್ಲ. ಅವರು ಆ ಸಂತೆಯಲ್ಲಿ ಮೊದಲಿನಿಂದಲೂ ನಿಂತಿದ್ದಾರೆ. ನಮ್ಮ ತಕ್ಕಡಿಗಳಲ್ಲಿ ಒಂದು, ಬಾಡಿಗೆದಾರನ ವಿದ್ಯುತ್ ಮೀಟರು. ಇಲಾಖೆ ನಮ್ಮಿಂದ ಪಡೆಯುವ ದರ ಒಂದಾದರೆ, ನಾವು ಅವನಿಂದ ಪಡೆಯುವ ದರ ಇನ್ನೊಂದು.

"ಅವರು ಹೊರಗಿನವರು, ಇವತ್ತು ಇರುತ್ತಾರೆ ನಾಳೆ ಹೋಗುತ್ತಾರೆ" ಎಂಬುದು ಎರಡನೆಯ ಮಾತು. ಹಾಗಾದರೆ ನಾವು ಯಾರು? ನಮ್ಮ ಧರ್ಮಕೇಂದ್ರಗಳ ಹಳೆಯ ಕುಟುಂಬಗಳು ತಮ್ಮ ಅಜ್ಜಂದಿರನ್ನು ನೆನೆದು ಹೇಳಲಿ. 1945ರಿಂದ 1953ರವರೆಗೆ ತುಂಗಭದ್ರೆಗೆ ಅಣೆಕಟ್ಟು ಕಟ್ಟುವಾಗ ಕಲ್ಲು ಹೊತ್ತವರು, ರೈಲ್ವೆಗೆ ದುಡಿದವರು, ಸಂಡೂರಿನ ಗಣಿಗೆ ಇಳಿದವರು ಎಲ್ಲರೂ ಇದೇ ಮಣ್ಣಿನವರಾಗಿದ್ದರೇ? ತೆಲುಗು, ತಮಿಳು, ಮಲಯಾಳಂ ಮಾತನಾಡುತ್ತಾ ಬಂದವರ ಮೊಮ್ಮಕ್ಕಳು ಇಂದು ಅಚ್ಚ ಕನ್ನಡದಲ್ಲಿ "ಹೊರಗಿನವರು" ಎನ್ನುವುದನ್ನು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯದು. ಇಸ್ರಯೇಲರಿಗೂ ಪರಕೀಯರನ್ನು ಪ್ರೀತಿಸಲು ಕೊಟ್ಟ ಕಾರಣ ಇದೇ ಅಲ್ಲವೇ, ಅವರೂ ಒಮ್ಮೆ ಈಜಿಪ್ಟಿನಲ್ಲಿ ಪರಕೀಯರಾಗಿದ್ದರೆಂಬುದು? ಜಾರ್ಖಂಡ, ಒಡಿಶಾಗಳಿಂದ ಬರುವ ಆದಿವಾಸಿ ಯುವಕರಲ್ಲಿ ನಮ್ಮದೇ ವಿಶ್ವಾಸದವರೂ ಇದ್ದಾರೆ. ಕನ್ನಡದ ಬಲಿಪೂಜೆಯಲ್ಲಿ ಪ್ರತ್ಯುತ್ತರ ಹೇಳಲು ಬಾರದೆ ಅವರು ಹಿಂದಿನ ಕಂಬದ ಬಳಿ ನಿಲ್ಲುತ್ತಾರೆ. ಶಾಂತಿಯನ್ನು ಕೋರುವ ಹೊತ್ತಿಗೆ ನಮ್ಮ ಕೈ ಅಲ್ಲಿಯವರೆಗೆ ಹೋಗುವುದಿಲ್ಲ.

ಮೂರನೆಯ ಉತ್ತರ ಹೆಚ್ಚು ಜಾಣತನದ್ದು: "ನಾವು ದಾನಧರ್ಮ ಮಾಡುತ್ತೇವಲ್ಲ?" ಮಾಡುತ್ತೀರಿ, ನಿಜ. ಹಬ್ಬದ ಪಂದಲಿಗೂ ಗಂಟೆಗೋಪುರಕ್ಕೂ ಕೊಡುತ್ತೀರಿ. ಆದರೆ ಜಕ್ಕಾಯನನ್ನು ನೋಡಿ. ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವೆನೆಂದ ಮೇಲೂ ಆತ ಅಲ್ಲಿಗೆ ನಿಲ್ಲಿಸಲಿಲ್ಲ. ಯಾರಿಂದಲಾದರೂ ಅನ್ಯಾಯವಾಗಿ ಕಸಿದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ದಾನದ ಲೆಕ್ಕವೇ ಬೇರೆ, ಸಾಲದ ಲೆಕ್ಕವೇ ಬೇರೆ ಎಂಬುದು ಆ ಸುಂಕದವನಿಗೆ ಚೆನ್ನಾಗಿ ಗೊತ್ತಿತ್ತು. ಯೇಸುಸ್ವಾಮಿ ಉಳಿದುಕೊಳ್ಳಲು ಹೋದದ್ದೂ ಆತನ ಮನೆಗೇ.

ಬಾಡಿಗೆಯನ್ನೇ ಪಡೆಯಬಾರದೆಂದು ನಾನು ಹೇಳುತ್ತಿಲ್ಲ. ಒಂದೇ ಖೋಲಿಯ ಬಾಡಿಗೆಯಲ್ಲಿ ಮಕ್ಕಳನ್ನು ಓದಿಸುವ ವಿಧವೆಯರನ್ನು ಬಲ್ಲೆ. ನ್ಯಾಯವಾದ ಬಾಡಿಗೆ, ಗಾಳಿಯಾಡುವ ಕೋಣೆ, ಹೋಗುವಾಗ ಪೂರ್ತಿ ಹಿಂದಕ್ಕೆ ಬರುವ ಮುಂಗಡ: ಕೇಳುತ್ತಿರುವುದು ಇಷ್ಟೇ. ಇದು ಹೊಸ ಬೋಧನೆಯೂ ಅಲ್ಲ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲೇ ಕಾರ್ಮಿಕರ ಹಕ್ಕುಗಳನ್ನು ಕುರಿತು ಇಡೀ ಧರ್ಮಸಭೆಗೆ ಪತ್ರ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಅವರನ್ನು ನೆನೆದೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು. ರೋಮ್ ನೆನಪಿಟ್ಟುಕೊಂಡದ್ದು ನಮ್ಮ ಹಿತ್ತಲಿಗೆ ಮಾತ್ರ ತಲುಪಿಲ್ಲ.

ಇಷ್ಟು ಕಟುವಾಗಿ ಬರೆಯಲು ನಿನಗೇನು ಅಧಿಕಾರ ಎಂದು ನೀವು ಕೇಳಬಹುದು. ನನ್ನ ಹಿತ್ತಲಲ್ಲೂ ಎರಡು ಖೋಲಿಗಳಿದ್ದವು. ಒಂದರಲ್ಲಿ ಜಾರ್ಖಂಡದ ಮೂವರು ಹುಡುಗರಿದ್ದರು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಕೂಡದೆಂದು ಮಾರ್ಚ್ 29ರಂದು ಕೇಂದ್ರ ಸರ್ಕಾರ ಆದೇಶಿಸಿತು. ಅದನ್ನು ಪತ್ರಿಕೆಯಲ್ಲಿ ನಾನೇ ಓದಿದೆ. ಆ ವರ್ಷದ ಪವಿತ್ರ ಗುರುವಾರ ಏಪ್ರಿಲ್ 9ರಂದು ಬಂದಿತ್ತು. ದೇವಾಲಯಗಳು ಮುಚ್ಚಿದ್ದರಿಂದ ಮನೆಯವರೆಲ್ಲ ಮೊಬೈಲ್ ಮುಂದೆ ಮೊಣಕಾಲೂರಿ ಪೂಜೆಯನ್ನು ನೋಡಿದೆವು. ಪಾದ ತೊಳೆಯುವ ಶುಭಸಂದೇಶ ಕೇಳಿ ನನ್ನ ಕಣ್ಣು ತುಂಬಿತು. ಮರುದಿನವಲ್ಲ, ಅದೇ ಸಂಜೆ ಹಿತ್ತಲಿಗೆ ಹೋಗಿ ಏಪ್ರಿಲ್ ತಿಂಗಳ ಬಾಡಿಗೆ ಕೇಳಿದೆ. ಹಿರಿಯ ಹುಡುಗ ಮಾತನಾಡದೆ ಎಣಿಸಿಕೊಟ್ಟ. ಅವರ ಅಕ್ಕಿಯ ಡಬ್ಬಿ ಎಷ್ಟು ತುಂಬಿದೆಯೆಂದು ನಾನು ಕೇಳಲಿಲ್ಲ.

ಲೆಕ್ಕದ ಪುಸ್ತಕ ಇಂದಿಗೂ ನನ್ನ ಕಪಾಟಿನಲ್ಲಿದೆ. ಮೊತ್ತವಿದೆ, ದಿನಾಂಕವಿದೆ, "ಸಂದಾಯವಾಗಿದೆ" ಎಂದು ನನ್ನ ಸಹಿಯಿದೆ. ಹಿಂದಿರುಗಿಸೋಣವೆಂದು ಮನಸ್ಸು ಬಂದ ಹೊತ್ತಿಗೆ ಅವರು ಊರು ಬಿಟ್ಟಿದ್ದರು. ಪುಸ್ತಕವನ್ನು ತಿರುವಿ ನೋಡಿದರೆ, ಅವರ ಹೆಸರಿನ ಜಾಗದಲ್ಲಿ ನಾನು ಬರೆದುಕೊಂಡಿದ್ದದ್ದು "ಹಿಂದಿನ ಖೋಲಿ, 3 ಜನ" ಎಂದಷ್ಟೇ.