ಅಟ್ಟಕ್ಕೊಂದು ಕಂಬಳಿ

‘ಇಷ್ಟೊತ್ತು ಹೀಟರ್ ಹಾಕ್ತೀರ, ಬಿಸಿ ಎಲ್ಲಾ ಎಲ್ಲಿಗೆ ಹೋಗುತ್ತೆ ಕಣೆ?’

2022ರ ಡಿಸೆಂಬರಿನಲ್ಲಿ ಅಮ್ಮ ಕೇಳಿದ ಪ್ರಶ್ನೆ. ಮೊಮ್ಮಗಳ ಜೊತೆ ಮೂರು ತಿಂಗಳು ಇರ್ತೀನಿ ಅಂತ ತೀರ್ಥಹಳ್ಳಿಯಿಂದ ಡಬ್ಲಿನ್‌ಗೆ ಬಂದಿದ್ದಳು. ಆ ತಿಂಗಳು ಇಲ್ಲಿ ಕೊರೆಯುವ ಚಳಿ. ಮನೆಯೊಳಗೇ ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪ್. ಗ್ಯಾಸ್ ಬಿಲ್ ನೋಡಿ ನಮಗೆ ಬೆವರು, ಅಮ್ಮನಿಗೆ ನಡುಕ. ಐದು ವಾರಕ್ಕೆ ಟಿಕೆಟ್ ಬದಲಿಸಿಕೊಂಡು ಊರಿಗೆ ಹೊರಟೇಬಿಟ್ಟಳು. ‘ನಿಮ್ಮ ತಪ್ಪಲ್ಲ, ನನ್ನ ಮಂಡಿ ಕೇಳಲ್ಲ’ ಅಂದಳು. ಏರ್‌ಪೋರ್ಟಿನಿಂದ ವಾಪಸ್ ಬರುವಾಗ ನಾನೂ ನಮ್ಮೆಜಮಾನರೂ ಮಾತೇ ಆಡಲಿಲ್ಲ.

ನಮ್ಮದು 1978ರಲ್ಲಿ ಕಟ್ಟಿದ ಮನೆ, ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡ ಸೆಮಿ ಡಿಟ್ಯಾಚ್ಡ್. ಕೊಳ್ಳುವಾಗ ಸ್ಕೂಲು, ಬಸ್ಸು, ಇಂಡಿಯನ್ ಅಂಗಡಿ ಎಲ್ಲಾ ವಿಚಾರಿಸಿದ್ವಿ. ಅಟ್ಟಕ್ಕೆ ಮಾತ್ರ ಹತ್ತಿ ನೋಡಲಿಲ್ಲ. ಅಮ್ಮ ಹೋದ ಮೇಲೆ ಏಣಿ ಹಾಕಿ ಹತ್ತಿದರೆ, ತೊಲೆಗಳ ಮಧ್ಯೆ ಎರಡು ಬೆರಳು ದಪ್ಪದ, ಧೂಳು ಹಿಡಿದು ಚಪ್ಪಟೆಯಾದ ಹಳದಿ ಉಣ್ಣೆ. ಅಷ್ಟೇ. ಹೊದಿಕೆಯೇ ಇಲ್ಲದ ಮನೆಯಲ್ಲಿ ಶೇಕಡಾ 20ರಿಂದ 30ರಷ್ಟು ಬಿಸಿ ಚಾವಣಿಯ ಮೂಲಕವೇ ಹೋಗುತ್ತಂತೆ. ಅಮ್ಮನ ಪ್ರಶ್ನೆಗೆ ಉತ್ತರ ತಲೆ ಮೇಲೇ ಇತ್ತು.

ಇಲ್ಲಿ ಇದಕ್ಕೆ ಸರ್ಕಾರದ ಗ್ರಾಂಟ್ ಇದೆ. ಐರ್ಲೆಂಡಿನ ಇಂಧನ ಪ್ರಾಧಿಕಾರ ಎಸ್‌ಇಎಐ ಕೊಡುತ್ತೆ. ನಾವು ಮಾಡಿಸಿದ್ದು 2023ರಲ್ಲಿ. ಆಗ ನಮ್ಮಂಥ ಮನೆಯ ಅಟ್ಟಕ್ಕೆ 1,300 ಯೂರೋ, ಒಂಟಿ ಮನೆಗೆ 1,500. ಮನೆ 2011ಕ್ಕಿಂತ ಮುಂಚಿನದಾಗಿರಬೇಕು. ಬಾಡಿಗೆಗೆ ಇರುವವರು ತಾವೇ ಅರ್ಜಿ ಹಾಕೋಕಾಗಲ್ಲ, ಆದರೆ ಮನೆ ಮಾಲೀಕರು ಹಾಕಬಹುದು. ನಿಮ್ಮ ಓನರ್‌ಗೆ ಇದು ಗೊತ್ತಿಲ್ಲದೇ ಇರಬಹುದು, ಒಂದು ಮೆಸೇಜ್ ಮಾಡಿ ನೋಡಿ.

ಹಣಕ್ಕಿಂತ ಮುಖ್ಯವಾದದ್ದು ಕ್ರಮ. ಮೊದಲು ಅರ್ಜಿ, ಆಮೇಲೆ ಮಂಜೂರಾತಿ, ಆಮೇಲೆ ಕೆಲಸ. ನಮ್ಮ ಸ್ನೇಹಿತರೊಬ್ಬರು ‘ಹೇಗೂ ಕೊಡ್ತಾರಲ್ಲ’ ಅಂತ ಮೊದಲೇ ಕೆಲಸ ಮುಗಿಸಿ ನಂತರ ಅರ್ಜಿ ಹಾಕಿದರು. ಒಂದು ಯೂರೋನೂ ಬರಲಿಲ್ಲ. ಕಂಟ್ರಾಕ್ಟರ್ ಎಸ್‌ಇಎಐ ಪಟ್ಟಿಯಲ್ಲಿ ಇರಲೇಬೇಕು. ಮಂಜೂರಾದ ಮೇಲೆ ಎಂಟು ತಿಂಗಳು ಟೈಮು. ಕೆಲಸದ ಪೂರ್ತಿ ದುಡ್ಡು ಮೊದಲು ನಾವೇ ಕೊಡಬೇಕು, ಗ್ರಾಂಟ್ ಆಮೇಲೆ ಬ್ಯಾಂಕಿಗೆ ಬರುತ್ತೆ. ಇದು ಗೊತ್ತಿಲ್ಲದೆ ನಾನು 450 ಯೂರೋ ಎತ್ತಿಟ್ಟುಕೊಂಡು ಕೂತಿದ್ದೆ; ಕೊಡಬೇಕಾಗಿದ್ದು 1,750. ಕ್ರೆಡಿಟ್ ಕಾರ್ಡ್ ಉಜ್ಜಿದೆ.

ಬೆಳಿಗ್ಗೆ ಎಂಟೂವರೆಗೆ ಇಬ್ಬರು ಬಂದರು, ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಹೊರಟರು. ತೊಲೆಗಳ ನಡುವೆ ಒಂದು ಪದರ ಮಿನರಲ್ ವುಲ್, ಅದರ ಮೇಲೆ ಅಡ್ಡಡ್ಡವಾಗಿ ಇನ್ನೊಂದು, ಒಟ್ಟು 300 ಮಿಲಿಮೀಟರ್. ಹತ್ತುವ ಬಾಗಿಲಿಗೂ ಹೊದಿಕೆ, ಸುತ್ತ ರಬ್ಬರ್ ಪಟ್ಟಿ. ನೀರಿನ ಟ್ಯಾಂಕಿಗೆ ಮೇಲೂ ಸುತ್ತಲೂ ಹೊದಿಸಿದರು, ಅಡಿಯಲ್ಲಿ ಮಾತ್ರ ಬಿಟ್ಟರು. ಮರೆತರೇನೋ ಅಂತ ಕೇಳಿದೆ. ಇನ್ಮೇಲೆ ಅಟ್ಟ ಮುಂಚಿಗಿಂತ ತಣ್ಣಗಿರುತ್ತೆ, ಕೆಳಗಿನಿಂದ ಬರುವ ಒಂಚೂರು ಬಿಸಿಯಾದರೂ ತಾಗದಿದ್ದರೆ ನೀರು ಹೆಪ್ಪುಗಟ್ಟುತ್ತೆ ಅಂದರು. ಸೂರಿನ ಅಂಚಿನಲ್ಲೂ ಗಾಳಿ ಆಡೋಕೆ ಜಾಗ ಬಿಟ್ಟಿದ್ದರು.

ಗಾಳಿ ಅಂದಾಗ ನನ್ನ ದೊಡ್ಡ ತಪ್ಪು ಹೇಳಲೇಬೇಕು. ಇಲ್ಲಿನ ಹಳೇ ಮನೆಗಳಲ್ಲಿ ಗೋಡೆಗೊಂದು ವೆಂಟ್ ಇರುತ್ತೆ, ಅದರಿಂದ ಸುಯ್ಯಂತ ಚಳಿ ಗಾಳಿ. ಅಮ್ಮನಿಗೆ ಆಗಲ್ಲ ಅಂತ ನಾನೇ ಹಳೇ ಟವಲ್ ತುರುಕಿ ಟೇಪ್ ಹಚ್ಚಿದ್ದೆ. ಕುಕ್ಕರಿನ ಹಬೆ, ಕುದಿಯುವ ಸಾರು, ರೇಡಿಯೇಟರ್ ಮೇಲೆ ಒಣಗಿಸಿದ ಬಟ್ಟೆ, ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ತಣ್ಣಗಿನ ಗೋಡೆ ಮೇಲೆ ಕೂತಿತು. ಫೆಬ್ರವರಿ ಹೊತ್ತಿಗೆ ಮಗಳ ಮಂಚದ ಹಿಂದೆ ಕಪ್ಪು ಬೂಷ್ಟು. ಅವಳ ಕೆಮ್ಮಿಗೆ ನಾನು ಶುಂಠಿ ಕಷಾಯ ಕುದಿಸುತ್ತಾ ಇನ್ನಷ್ಟು ಹಬೆ ಎಬ್ಬಿಸುತ್ತಿದ್ದೆ! ಅಟ್ಟದ ಕೆಲಸಕ್ಕೆ ಬಂದವರೇ ಟವಲ್ ಎಳೆದು ನನ್ನ ಕೈಗೆ ಕೊಟ್ಟು, ಬಿಸಿಯನ್ನ ಹಿಡಿದಿಡಿ, ಗಾಳಿಯನ್ನ ಅಲ್ಲ ಅಂದರು. ಈಗ ಅಡುಗೆ ಮಾಡುವಾಗ ಫ್ಯಾನ್ ಹಾಕ್ತೀನಿ, ಬಟ್ಟೆ ರೇಡಿಯೇಟರ್ ಮೇಲೆ ಹಾಕಲ್ಲ. ಬೂಷ್ಟು ಒರೆಸಿದ ಜಾಗ ಇನ್ನೂ ಒಣಗಿಯೇ ಇದೆ.

ಅಟ್ಟ ಆಯ್ತು, ಗೋಡೆನೂ ಮಾಡಿಸೋಣ ಅಂತ ಆಸೆ ಬಂತು. ಎರಡು ಪದರದ ಗೋಡೆಯಾದರೆ ನಡುವಿನ ಸಂದಿಗೆ ಇನ್ಸುಲೇಷನ್ ತುಂಬಿಸಬಹುದು, ಖರ್ಚೂ ಕಮ್ಮಿ. ಆದರೆ ಡಬ್ಲಿನ್ನಿನ ಹಳೇ ಮನೆಗಳಲ್ಲಿ ಬಹಳಷ್ಟು ಹಾಲೋ ಬ್ಲಾಕ್, ಅಂದ್ರೆ ಒಳಗೆ ಟೊಳ್ಳಿರುವ ಒಂದೇ ಸಾಲು ಇಟ್ಟಿಗೆಯ ಗೋಡೆ. ಅದಕ್ಕೆ ತುಂಬಿಸುವ ಹಾಗಿಲ್ಲ. ನಮ್ಮದೂ ಅದೇ. ಹೊರಗಿನಿಂದ ಇಡೀ ಮನೆಗೆ ಹೊದಿಸಬಹುದು. ಅದಕ್ಕೆ ಗ್ರಾಂಟ್ 6,000 ಯೂರೋ ಇತ್ತು ನಿಜ, ಉಳಿದದ್ದು ಕಾರಿನ ಬೆಲೆ! ನಮ್ಮೆಜಮಾನರು ಕೊಟೇಶನ್ ನೋಡಿ ಲ್ಯಾಪ್‌ಟಾಪ್ ಮುಚ್ಚಿದರು. ನನಗಂತೂ ಸಿಟ್ಟು ಬಂತು. ದುಡ್ಡು ಇದ್ದವರಿಗೇ ಗ್ರಾಂಟ್ ಸಿಗುವ ಹಾಗಾಯಿತಲ್ಲ! ಕೆಲವು ಸರ್ಕಾರಿ ಭತ್ಯೆ ಪಡೆಯುವ ಮನೆಯೊಡೆಯರಿಗೆ ಪೂರ್ತಿ ಉಚಿತವಾಗಿ ಮಾಡಿಕೊಡುವ ಬೇರೆ ಯೋಜನೆ ಇದೆ. ಸಾಲ ಕಟ್ಟುತ್ತಾ ಸಂಬಳದಲ್ಲಿ ಬದುಕುವ ನಮ್ಮಂಥವರು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.

2024ರ ಜನವರಿಯಲ್ಲಿ ಅಮ್ಮ ಮತ್ತೆ ಬಂದಳು. ಮೊದಲ ರಾತ್ರಿ ಅಟ್ಟ ತೋರಿಸು ಅಂತ ಹಟ. ಮಂಡಿ ನೋವಿನವಳನ್ನ ಏಣಿ ಹತ್ತಿಸೋದು ಹೇಗೆ? ಫೋನಿನಲ್ಲಿ ವಿಡಿಯೋ ಮಾಡಿ ತೋರಿಸಿದೆ. ‘ನಮ್ಮಜ್ಜನ ಮನೇಲಿ ಅಟ್ಟದ ಹಲಗೆ ಮೇಲೆ ಮಣ್ಣು ಹಾಕಿರ್ತಿದ್ರು, ಬೇಸಿಗೇಲಿ ಎಷ್ಟು ತಂಪಿರ್ತಿತ್ತು ಗೊತ್ತಾ. ಇಲ್ಲಿ ಹತ್ತಿ ಹಾಕಿದಾರೆ’ ಅಂದಳು. ಹತ್ತಿ ಅಲ್ಲಮ್ಮ ಅಂತ ವಿವರಿಸೋಕೆ ಹೋಗಲಿಲ್ಲ.

ಮಂಕಿ ಕ್ಯಾಪ್ ಮೂರನೇ ದಿನ ತೆಗೆದಳು. ಬಾತ್‌ರೂಮಿಗೆ ಹೋಗುವಾಗ ಮಾತ್ರ ಈಗಲೂ ಹಾಕಿಕೊಳ್ತಿದ್ದಳು, ಆ ಗೋಡೆ ಇನ್ನೂ ಹಾಗೇ ಇದೆಯಲ್ಲ. ವಾಪಸ್ ಟಿಕೆಟ್ ಏಪ್ರಿಲ್‌ಗೆ ಮಾಡಿಸಿದ್ವಿ. ಏಪ್ರಿಲ್‌ನಲ್ಲೇ ಹೋದಳು.