ಉಳಿದ ಹಾಳೆಗಳಿಂದ ಮನೆಯ ಪುಸ್ತಕ



ಶಾಲೆಯ ವರ್ಷ ಮುಗಿಯುತ್ತಲೇ ಮಕ್ಕಳ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕುವುದು ಎಲ್ಲ ಮನೆಗಳ ರೂಢಿ. ಹಾಕುವ ಮುನ್ನ ಒಮ್ಮೆ ಕೊನೆಯ ಪುಟಗಳನ್ನು ತಿರುವಿ ನೋಡಿ. ಎಷ್ಟೋ ಹಾಳೆಗಳು ಖಾಲಿಯಾಗಿಯೇ ಉಳಿದಿರುತ್ತವೆ. ಅವನ್ನು ಮಡಚಿ ಹೊಲಿದರೆ ಅರ್ಧ ಗಂಟೆಯಲ್ಲಿ ಒಂದು ಪುಟ್ಟ ಪುಸ್ತಕ ಸಿದ್ಧ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಮನೆಗಳಿಗಂತೂ ಅಂಥ ಪುಸ್ತಕದ ಅಗತ್ಯ ಬೇರೆಯೇ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕೆಲಸ ಕಲಿಯೋಣ.

ಮಡಚಿ ಪುಸ್ತಕ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಬೀಸಣಿಗೆಯಂತೆ ಹಿಂದೆ ಮುಂದೆ ಮಡಚಿ ‘ಕಡತ’ ಮಾಡುತ್ತಿದ್ದರು. ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇಂದು ಸರಕಾರಿ ಕಚೇರಿಯ ಫೈಲನ್ನು ಕಡತ ಎನ್ನುತ್ತೇವಲ್ಲ, ಆ ಹೆಸರು ಅಲ್ಲಿಂದಲೇ ಬಂದದ್ದು.

ಬೇಕಾಗುವ ವಸ್ತುಗಳು: ಉದ್ದ ನೋಟ್‌ಬುಕ್ಕಿನ 8 ಖಾಲಿ ಹಾಳೆಗಳು, ರಕ್ಷಾಕವಚಕ್ಕೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ, ದಬ್ಬಣ, ದಪ್ಪ ಸೂಜಿ, ಗಟ್ಟಿ ಹತ್ತಿ ದಾರ, ಮೇಣದಬತ್ತಿಯ ತುಂಡು ಮತ್ತು ಕತ್ತರಿ.

ಮಾಡುವ ವಿಧಾನ: ಹಾಳೆಗಳನ್ನು ಹರಿಯದೆ ಕತ್ತರಿಸಿ ತೆಗೆದು ಅಂಚನ್ನು ನೇರ ಮಾಡಿಕೊಳ್ಳಿ. ಒಂದೊಂದನ್ನೂ ಮೇಲಿನ ಅಂಚು ಕೆಳಗಿನ ಅಂಚಿಗೆ ಕೂಡುವಂತೆ ಅರ್ಧಕ್ಕೆ ಮಡಚಿ. ಚಮಚದ ಬೆನ್ನಿನಿಂದ ಮಡಿಕೆಯನ್ನು ಒತ್ತಿ ಉಜ್ಜಿರಿ. ಆಗ ಪುಸ್ತಕ ಉಬ್ಬುವುದಿಲ್ಲ. ಎಲ್ಲವನ್ನೂ ಒಂದರೊಳಗೊಂದು ಸೇರಿಸಿ ಹೊರಗೆ ಕವಚ ತೊಡಿಸಿ. 8 ಹಾಳೆಗೆ 32 ಪುಟಗಳಾಗುತ್ತವೆ. ಹೆಚ್ಚು ಹಾಳೆ ಸೇರಿಸಿದರೆ ಒಳಗಿನವು ಹೊರಚಾಚುತ್ತವೆ.

ಪುಸ್ತಕವನ್ನು ಬಿಡಿಸಿ, ಕೆಳಗೆ ಮಡಚಿದ ಬಟ್ಟೆ ಇಟ್ಟು, ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ. ಒಂದು ನಡುವೆ, ಉಳಿದೆರಡು ಎರಡೂ ತುದಿಗಳಿಂದ ಎರಡು ಬೆರಳು ಒಳಗೆ. ಈ ಕೆಲಸವನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಮಡಿಕೆಯ ಮೂರರಷ್ಟು ಉದ್ದದ ದಾರ ತೆಗೆದುಕೊಂಡು ಮೇಣಕ್ಕೆ ಎಳೆಯಿರಿ. ದಾರ ಸಿಕ್ಕಾಗುವುದಿಲ್ಲ.

ಈಗ ಹೊಲಿಗೆ. ಸೂಜಿಯನ್ನು ನಡುವಿನ ತೂತಿನಲ್ಲಿ ಒಳಗಿನಿಂದ ಹೊರಕ್ಕೆ ಎಳೆಯಿರಿ. ನಾಲ್ಕು ಬೆರಳಷ್ಟು ದಾರ ಒಳಗೇ ಉಳಿಯಲಿ. ಹೊರಗಿನಿಂದ ಒಂದು ತುದಿಯ ತೂತಿಗೆ ಹೋಗಿ ಒಳಗೆ ಬನ್ನಿ. ಒಳಗೆ ನಡುವಿನ ತೂತನ್ನು ಬಿಟ್ಟು ನೇರ ಇನ್ನೊಂದು ತುದಿಯ ತೂತಿನಿಂದ ಹೊರಕ್ಕೆ ಹೋಗಿ. ಮತ್ತೆ ನಡುವಿನ ತೂತಿನಿಂದ ಒಳಕ್ಕೆ ಬನ್ನಿ. ಈಗ ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಎರಡು ಪಕ್ಕದಲ್ಲಿರಬೇಕು. ದಾರವನ್ನು ಮಡಿಕೆಯ ಗೆರೆಯುದ್ದಕ್ಕೆ ಬಿಗಿಗೊಳಿಸಿ. ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ. ಉದ್ದ ಹೊಲಿಗೆಯನ್ನು ಸೇರಿಸಿಕೊಂಡು ಎರಡು ಗಂಟು ಹಾಕಿ, ಮಿಕ್ಕ ದಾರ ಕತ್ತರಿಸಿ.

ಈ ಪುಸ್ತಕವನ್ನು ಮಡಿಕೆ ಮೇಲೆ ಬರುವಂತೆ ಹಿಡಿಯಿರಿ. ಗೆರೆಗಳು ಅಡ್ಡಕ್ಕೆ ಸರಿಯಾಗಿ ಬರುತ್ತವೆ, ಪುಟಗಳು ಮೇಲಕ್ಕೆ ತೆರೆಯುತ್ತವೆ. ಇದರಲ್ಲಿ ಒಂದು ಅನುಕೂಲವಿದೆ. ಕನ್ನಡದ ಪುಸ್ತಕದ ಬೆನ್ನು ಎಡಕ್ಕೆ, ಉರ್ದು ಪುಸ್ತಕದ ಬೆನ್ನು ಬಲಕ್ಕೆ. ಮೇಲಕ್ಕೆ ತೆರೆಯುವ ಪುಸ್ತಕದಲ್ಲಿ ಅಜ್ಜಿ ಉರ್ದುವಿನಲ್ಲಿ, ಮೊಮ್ಮಗಳು ಕನ್ನಡದಲ್ಲಿ ಬರೆದರೂ ಯಾರಿಗೂ ತಿರುವು ಮುರುವು ಆಗದು.

ಇನ್ನು ಕೆ.ಜಿ.ಎಫ್. ಮಾತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ದುಡಿಮೆ ಅರಸಿ ಜನ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಬಂಗಾರಪೇಟೆ ನಿಲ್ದಾಣಗಳಿಂದ ಬೆಂಗಳೂರಿನ ರೈಲು ಹತ್ತತೊಡಗಿದರು. ಅಪ್ಪ ಅಮ್ಮ ಮುಂಜಾನೆ ಹೊರಟರೆ ಮಕ್ಕಳು ಉಳಿಯುವುದು ಹಿರಿಯರ ಬಳಿ. 3 ಕಿಲೋಮೀಟರಿಗೂ ಹೆಚ್ಚು ಆಳದ ಸುರಂಗಗಳಲ್ಲಿ ದುಡಿದ ಪೀಳಿಗೆಗೆ ಈಗ ವಯಸ್ಸಾಗಿದೆ. ಗಣಿಯ ಇತಿಹಾಸದ ಪುಸ್ತಕಗಳಲ್ಲಿ ಕಂಪೆನಿಯ ಹೆಸರು, ಚಿನ್ನದ ತೂಕ ಸಿಗುತ್ತದೆ. ನಿಮ್ಮ ಮನೆಯ ನಾನಾ ಯಾವ ಪಾಳಿಯಲ್ಲಿ ಕೆಳಗಿಳಿಯುತ್ತಿದ್ದರು, ಬುತ್ತಿಯಲ್ಲಿ ಏನು ಒಯ್ಯುತ್ತಿದ್ದರು, ಅವರು ಮನೆ ಸೇರುವವರೆಗೆ ನಾನಿ ಹೇಗೆ ಕಾಯುತ್ತಿದ್ದರು ಎಂಬುದು ಅಲ್ಲಿರುವುದಿಲ್ಲ. ಅದು ಹೇಳುವವರ ಜೊತೆಗೇ ಹೋಗಿಬಿಡುತ್ತದೆ.

ಆದ್ದರಿಂದ ಈ ರಜೆಯಲ್ಲಿ ಮಕ್ಕಳ ಕೈಯಿಂದಲೇ ಒಂದು ಪುಸ್ತಕ ಹೊಲಿಸಿ. ದಿನಕ್ಕೊಂದು ಪ್ರಶ್ನೆ ಕೇಳಿ ಒಂದು ಪುಟ ಬರೆಯಲಿ. ಕಾಗುಣಿತ ತಪ್ಪಿದರೆ ಗದರಬೇಡಿ, ಹಿರಿಯರು ಆಡಿದ ಮಾತನ್ನು ಹಾಗೆಯೇ ಬರೆಯಲು ಹೇಳಿ. ಮೊದಲ ಪುಟದಲ್ಲಿ ಹೇಳಿದವರ ಹೆಸರು, ಬರೆದವರ ಹೆಸರು ಮತ್ತು ತಾರೀಖು ಇರಲಿ. ತಿಂಗಳೊಳಗೆ ಪುಸ್ತಕ ತುಂಬುತ್ತದೆ. ರೇಷನ್ ಕಾರ್ಡು, ಮನೆಯ ಪತ್ರಗಳ ಜೊತೆ ಅದನ್ನೂ ಜೋಪಾನವಾಗಿಡಿ.