ಎಂಜಿನಿನ ಎರಡನೆಯ ಬಾಯಿ

ಹಲಸಂಗಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡುಗಳಿಗೆ ಪಂಡಿತರು ಕಿವಿಗೊಡದಿದ್ದ ಕಾಲದಲ್ಲಿ ಇವರು ಕಿವಿಗೊಟ್ಟರು. ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸಿದರು. ಆ ಊರಿನ ಹಾದಿಯಲ್ಲಿ ನಮ್ಮ ಕಿವಿಗೂ ಒಂದು ಮಾತು ಬಿದ್ದಿತು. ಅದು ಹಾಡಲ್ಲ, ಲಾರಿಯ ಚಾಲಕನೊಬ್ಬನ ಪ್ರಶ್ನೆ.

ಕಬ್ಬಿನ ಹಂಗಾಮು. ಬಸ್ಸು ತಪ್ಪಿದ್ದರಿಂದ ನಾವು, ಕಬ್ಬು ಇಳಿಸಿ ಮರಳುತ್ತಿದ್ದ ಹಳೆಯ ಲಾರಿಯೊಂದನ್ನು ಹತ್ತಿದ್ದೆವು. ನಾವು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವವರೆಂದು ತಿಳಿದ ಚಾಲಕನು ಕೇಳಿದನು: “ಸರ, ಬ್ರೀದರ್ ಕೊಳವಿಯಿಂದ ಹೊಗಿ ಬರತೈತ್ರಿ, ಎಣ್ಣಿನೂ ಸೋರತೈತ್ರಿ. ಅದಕ್ಕ ಅದರ ಬಾಯಿಗೆ ಅರಬಿ ಕಟ್ಟೀನಿ. ಈಗ ಸೀಲಿನಾಗಿಂದ ಸೋರಾಕ ಹತ್ತೈತಿ. ಎರಡು ಸಲ ಸೀಲ ಬದಲ ಮಾಡಿಸೇನ್ರಿ. ಹೀಂಗ್ಯಾಕ?”

ಬಾಯ್ಲನ ನಿಯಮವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ನಮಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಮಾತ್ರ ವಿಷಯ ಸ್ಪಷ್ಟವಾಯಿತು.

ಡೀಸೆಲ್ ಎಂಜಿನಿನಲ್ಲಿ ಪಿಸ್ಟನ್ ಮೇಲೇರುವಾಗ ಗಾಳಿಯ ಗಾತ್ರ ಹದಿನಾರು, ಹದಿನೇಳನೆಯ ಒಂದು ಪಾಲಿಗೆ ಇಳಿಯುತ್ತದೆ. ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ನಲವತ್ತು ಮಡಿಯಾಗುತ್ತದೆ. ಇಂಧನ ಉರಿದಾಗ ಅದು ನೂರು ಮಡಿಯನ್ನೂ ಮೀರಬಲ್ಲದು. ಈ ಅನಿಲವನ್ನು ತಡೆದು ನಿಲ್ಲಿಸಬೇಕಾದವು ಪಿಸ್ಟನ್ನಿನ ಸುತ್ತಲಿನ ಕೆಲವೇ ಉಂಗುರಗಳು. ಬಿಸಿಗೆ ಹಿಗ್ಗಲೆಂದು ಆ ಉಂಗುರಗಳ ತುದಿಗಳ ನಡುವೆ ಕಿರಿದಾದ ಸಂದು ಇದ್ದೇ ತೀರಬೇಕು. ಆದ್ದರಿಂದ ಎಷ್ಟೇ ಹೊಸ ಎಂಜಿನಾದರೂ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳದೆ ಬಿಡದು. ನಮ್ಮ ಮಿಸ್ತ್ರಿಗಳು ಇದು ಮಿತಿಮೀರಿದಾಗ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ.

ಆರು ಲೀಟರಿನ ಎಂಜಿನೊಂದು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆಯೆನ್ನೋಣ. ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರೂ ಗಾಳಿ ಸೇದುವುದರಿಂದ ನಿಮಿಷಕ್ಕೆ 6000 ಲೀಟರ್ ಗಾಳಿ ಒಳಹೋಗುತ್ತದೆ. ಇದರಲ್ಲಿ ನೂರರಲ್ಲೊಂದು ಪಾಲು ನುಸುಳಿತೆಂದರೂ 60 ಲೀಟರ್, ಅಂದರೆ ಸುಮಾರು ನಾಲ್ಕು ಕೊಡ ಅನಿಲವು ನಿಮಿಷನಿಮಿಷಕ್ಕೂ ಎಂಜಿನಿನ ಹೊಟ್ಟೆಗೆ ಬಂದು ಸೇರುತ್ತದೆ. ಇದಕ್ಕೆ ಹೊರಹೋಗಲು ದಾರಿ ಬೇಡವೆ? ಆ ದಾರಿಯೇ ಬ್ರೀದರ್. ಅದನ್ನು ಕಟ್ಟಿದರೆ ಒಳಗಿನ ಒತ್ತಡ ಏರಲೇಬೇಕು. ಅದು ಹೊರಗಿನದಕ್ಕಿಂತ ವಾಯುಮಂಡಲದ ಹತ್ತನೆಯ ಒಂದು ಪಾಲಿನಷ್ಟೇ ಹೆಚ್ಚಿತೆಂದು ಭಾವಿಸಿ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಎಣ್ಣೆಯ ಚೇಂಬರಿನ ತಳದ ಮೇಲೆ ಬೀಳುವ ಭಾರ ಸುಮಾರು 180 ಕಿಲೋಗ್ರಾಂ! ಎಣ್ಣೆಯನ್ನು ತಡೆಯುವುದಕ್ಕಷ್ಟೇ ಮಾಡಿದ ರಬ್ಬರಿನ ಸೀಲು ಇಂಥ ಒತ್ತಡವನ್ನು ಎಷ್ಟು ದಿನ ತಾಳೀತು? ಬಡಪಾಯಿ ಚಾಲಕನು ಎರಡು ಸಲ ಹಣ ತೆತ್ತದ್ದು ಸೀಲಿನ ದೋಷಕ್ಕಲ್ಲ, ಅರಿವೆಯ ತುಣುಕಿಗೆ.

ಹಾಗಾದರೆ ಬಾಯಿಯನ್ನು ತೆರೆದು ರಸ್ತೆಗೆ ಬಿಟ್ಟರೆ ಸರಿಯೆ? ಹಿಂದೆ ಎಲ್ಲ ವಾಹನಗಳಲ್ಲಿಯೂ ಇದ್ದುದು ಅದೇ ಏರ್ಪಾಡು. ಕೆಳಮುಖವಾಗಿ ಬಾಗಿದ ಕೊಳವೆಯ ತುದಿಯನ್ನು ಗಾಳಿ ಸವರಿ ಹೋಗುವಾಗ ಅಲ್ಲಿ ಒತ್ತಡ ತಗ್ಗಿ ಒಳಗಿನ ಅನಿಲ ಹೊರಗೆ ಸೆಳೆಯಲ್ಪಡುತ್ತಿತ್ತು. ಆದರೆ ಹೊರಬರುವುದು ಬರಿಯ ಗಾಳಿಯಲ್ಲ. ಮಸಿ, ನೀರಾವಿ, ಅರೆಬೆಂದ ಇಂಧನ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಣ್ಣೆಯ ಹನಿಗಳು. ಅಮೆರಿಕದಲ್ಲಿ ಪೆಟ್ರೋಲ್ ಕಾರುಗಳು ಉಗುಳುತ್ತಿದ್ದ ಹೈಡ್ರೋಕಾರ್ಬನ್ನುಗಳ ಸುಮಾರು ಐದನೆಯ ಒಂದು ಪಾಲು ಈ ಬಾಯಿಯಿಂದಲೇ ಬರುತ್ತಿತ್ತೆಂದು ಕಂಡುಬಂದಮೇಲೆ, 1961ರಲ್ಲಿ ಕ್ಯಾಲಿಫೋರ್ನಿಯದ ಹೊಸ ಕಾರುಗಳಲ್ಲಿಯೂ 1963ರಲ್ಲಿ ಆ ದೇಶದಾದ್ಯಂತವೂ ಅನಿಲವನ್ನು ಮರಳಿ ಎಂಜಿನಿಗೇ ಸೇದಿಸಿ ಸುಡುವ ಕವಾಟವನ್ನು ಅಳವಡಿಸಿದರು. ಡೀಸೆಲಿನಲ್ಲಿ ಗಾಳಿಯನ್ನು ಮಾತ್ರ ಅದುಮುವುದರಿಂದ ಇಂಧನದ ಪಾಲು ಕಡಿಮೆ. ಮಸಿ ಮತ್ತು ಎಣ್ಣೆಗಳ ಹಾವಳಿ ಅಲ್ಲಿ ಹೆಚ್ಚು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಗಳಂತೆ ಹೊಸ ಲಾರಿ ಎಂಜಿನು ಈ ಅನಿಲವನ್ನು ಸುಮ್ಮನೆ ಹೊರಬಿಡುವಂತಿಲ್ಲ. ಟರ್ಬೋ ಇರುವ ಎಂಜಿನಿನಲ್ಲಿ ಬಿಟ್ಟರೂ ಅದರ ಮಾಲಿನ್ಯವನ್ನು ಹೊಗೆಕೊಳವೆಯ ಲೆಕ್ಕಕ್ಕೇ ಸೇರಿಸಬೇಕು.

ಇಷ್ಟಾದರೂ ಮುಚ್ಚಿದ ಕೊಳವೆಯನ್ನು ಕಿತ್ತು ರಸ್ತೆಗೆ ತಿರುಗಿಸುವ ಚಟ ಕೆಲವರಲ್ಲಿದೆ. “ರೇಸಿನ ಗಾಡಿಗಳಲ್ಲಿ ಹೀಗೆಯೇ ಮಾಡುತ್ತಾರೆ” ಎಂಬುದು ಅವರ ಸಮರ್ಥನೆ. ನಮ್ಮ ದೇಶದಲ್ಲಿಯೂ 2014ರಲ್ಲಿ ದೆಹಲಿಯ ಬಳಿಯ ಬುದ್ಧ ಪಂದ್ಯಪಥದಲ್ಲಿ ಟ್ರಕ್ಕುಗಳ ಓಟ ನಡೆಯಿತು. ಪಂದ್ಯಪಥದ ಎಂಜಿನು ಬಹುಹೊತ್ತು ಪೂರ್ಣ ಬಲದಿಂದ ದುಡಿಯುತ್ತದೆ. ತಿರುವುಗಳಲ್ಲಿ ಎಣ್ಣೆ ಪಕ್ಕಕ್ಕೆ ನುಗ್ಗಿ ಬ್ರೀದರ್ ಹೊಕ್ಕುಬಿಡುತ್ತದೆ. ಆದಕಾರಣ ಅಲ್ಲಿ ಪ್ರತ್ಯೇಕ ಡಬ್ಬಿಯಲ್ಲಿ ಎಣ್ಣೆಯನ್ನು ಹಿಡಿಯುತ್ತಾರೆ. ಕಾರುಪಂದ್ಯಗಳ ಅಂತರರಾಷ್ಟ್ರೀಯ ನಿಯಮದಲ್ಲಿ, ತೆರೆದ ಬ್ರೀದರ್ ಇರುವ ಕಾರಿಗೆ ಎಂಜಿನು 2 ಲೀಟರಿನೊಳಗಿದ್ದರೆ 2 ಲೀಟರಿನ, ಅದಕ್ಕೂ ದೊಡ್ಡದಾದರೆ 3 ಲೀಟರಿನ ಡಬ್ಬಿ ಇರಲೇಬೇಕು. ಪಂದ್ಯಪಥದಲ್ಲಿಯೇ ಎಣ್ಣೆ ಚೆಲ್ಲಬಾರದೆಂದಮೇಲೆ, ಶಾಲೆಯ ಮಕ್ಕಳು ನಡೆಯುವ ಊರ ರಸ್ತೆಯಲ್ಲಿ ಚೆಲ್ಲಬಹುದೆಂದು ಹೇಳಿದವರಾರು? ರೇಸಿನವರಿಂದ ಕೊಳವೆ ಕೀಳುವುದನ್ನು ಕಲಿತವರು ಡಬ್ಬಿ ಇಡುವುದನ್ನು ಕಲಿಯದೆ ಹೋದರು.

ಅವರ ಮಾತಿನಲ್ಲಿ ಒಂದು ಸತ್ಯಾಂಶವಿದೆಯೆಂಬುದನ್ನೂ ಹೇಳಬೇಕು. ಎಣ್ಣೆಯ ಮಂಜನ್ನು ಸೋಸದೆ ಟರ್ಬೋದ ಮುಂದಕ್ಕೆ ಬಿಟ್ಟರೆ ಗಾಳಿಯ ಮಾರ್ಗ ಜಿಡ್ಡುಗಟ್ಟುತ್ತದೆ. ಸವೆದ ಎಂಜಿನಿನಲ್ಲಿ ಅದು ಅತಿಯಾದರೆ ಎಂಜಿನು ತನ್ನ ಎಣ್ಣೆಯನ್ನೇ ಉರಿಸಿಕೊಂಡು ಹಿಡಿತ ತಪ್ಪಿ ಓಡುವ ಅಪಾಯವೂ ಉಂಟು. ಇದಕ್ಕೆ ಪರಿಹಾರ ಕೊಳವೆಯನ್ನು ಕೀಳುವುದಲ್ಲ. ಎಣ್ಣೆಯನ್ನು ಬೇರ್ಪಡಿಸಿ ಚೇಂಬರಿಗೆ ಮರಳಿಸುವ ಸೋಸುಕವನ್ನು ಸುಸ್ಥಿತಿಯಲ್ಲಿಡುವುದು, ಉಂಗುರಗಳು ಸವೆದಿದ್ದರೆ ಉಂಗುರಗಳನ್ನೇ ಬದಲಿಸುವುದು.

ನಮ್ಮ ಮುಖ್ಯ ದೂರು ಇನ್ನೊಂದಿದೆ. ಹೊಗೆ ತಪಾಸಣೆಯ ಕೇಂದ್ರದಲ್ಲಿ ಡೀಸೆಲ್ ವಾಹನದ ಹೊಗೆಕೊಳವೆಗೆ ಮಾತ್ರ ಸಲಾಕೆ ಇಟ್ಟು ಅಳೆಯುತ್ತಾರೆ. ಎಂಜಿನಿಗೆ ಎರಡು ಬಾಯಿಗಳಿದ್ದು ಒಂದನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ ಅದು ಅರ್ಧ ಪರೀಕ್ಷೆ. ಡೀಸೆಲ್ ಎಂಜಿನಿನ ಹೊಗೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಘೋಷಿಸಿದೆ. ಬ್ರೀದರಿನ ಕೊಳವೆ ತನ್ನ ಸ್ಥಾನದಲ್ಲಿದೆಯೇ, ಕಟ್ಟಿದೆಯೇ, ಕಿತ್ತಿದೆಯೇ ಎಂದು ನೋಡಲು ಯಂತ್ರವೂ ಬೇಡ. ಒಂದು ನಿಮಿಷ, ಒಂದು ಜೊತೆ ಕಣ್ಣು ಸಾಕು. ಈ ನೋಟವನ್ನು ತಪಾಸಣೆಯ ಕ್ರಮಕ್ಕೆ ಸೇರಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.

ವಿದ್ಯಾರ್ಥಿ ಮಿತ್ರರಿಗೆ ಇಲ್ಲೊಂದು ಒಳ್ಳೆಯ ಪ್ರಯೋಗವಿದೆ. ಎರಡು ಮೊಳ ಪಾರದರ್ಶಕ ನಳಿಗೆಯನ್ನು ‘ಯು’ ಆಕಾರದಲ್ಲಿ ಬಗ್ಗಿಸಿ ಅರ್ಧದಷ್ಟು ನೀರು ತುಂಬಿರಿ. ಮಿಸ್ತ್ರಿಯ ಸಮಕ್ಷಮದಲ್ಲಿ, ಎಂಜಿನು ನಿಂತಿರುವಾಗ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ತೆಗೆದು ಆ ರಂಧ್ರಕ್ಕೆ ಒಂದು ತುದಿಯನ್ನು ಬಿಗಿಯಾಗಿ ಜೋಡಿಸಿರಿ. ಪಟ್ಟೆ, ಪಂಕಗಳಿಂದ ದೂರ ನಿಂತು ಎಂಜಿನನ್ನು ನಡೆಯಿಸಲು ಹೇಳಿರಿ. ಎರಡು ಭುಜಗಳ ನೀರಿನ ಮಟ್ಟದ ಅಂತರ 10 ಸೆಂಟಿಮೀಟರಾದರೆ ಒತ್ತಡ ವಾಯುಮಂಡಲದ ನೂರನೆಯ ಒಂದು ಪಾಲು ಹೆಚ್ಚಿದೆಯೆಂದು ಅರ್ಥ. ಹೊಸ ಲಾರಿಯಲ್ಲೊಮ್ಮೆ, ಹಳೆಯದರಲ್ಲೊಮ್ಮೆ ಅಳೆದು ನೋಡಿರಿ. ಉಂಗುರಗಳ ಸವೆತವು ನೀರಿನ ಮಟ್ಟದಲ್ಲಿ ಕಾಣಿಸುತ್ತದೆ.

ಕೆಲವು ದಿನಗಳ ತರುವಾಯ ಆ ಚಾಲಕನು ಮತ್ತೆ ಭೇಟಿಯಾದಾಗ ನಾವು ಹೇಳಿದ್ದು ಇಷ್ಟೇ: ಮೊದಲು ಅರಿವೆಯನ್ನು ಬಿಚ್ಚು, ಆಮೇಲೆ ಉಂಗುರಗಳನ್ನು ತೋರಿಸು. ಪ್ರಯೋಗಶಾಲೆಯ ಗೋಡೆಯೊಳಗೆ ಕುಳಿತ ನಮ್ಮ ಪಾಠಗಳು ಹೀಗೆ ಆಗಾಗ್ಗೆ ಲಾರಿ ಹತ್ತಬೇಕಾಗಿದೆ.